ಎರಡು ಗಡ್ಡಿ

ಹಟ್ಟಿ ಕ್ಯಾಂಪಿನ ನಮ್ಮ ಸಾಲಿಗೆ
ನಳ ಮೂರು ದಿನಕ್ಕೊಮ್ಮೆ.
ಎರಡು ಡಬ್ಬಿಗೆ ನೀರು ಹಾಕುವುದೆಂದರೆ
ಲೆಕ್ಕ ಮಾಡಲೇಬೇಕು.

ಒಂದು ಎಣ್ಣೆ ಡಬ್ಬಿ. ಅದರಲ್ಲಿ ಸುಗಂಧರಾಜ.
ನಾದಿನಿ ಕವಿತಾಳದಿಂದ ಬಸ್ಸಿನಲ್ಲಿ ತಂದದ್ದು,
ಸೆರಗಿನ ತುದಿಗೆ ಗಂಟು ಹಾಕಿಕೊಂಡು.
ಇನ್ನೊಂದು ಬಣ್ಣದ ಡಬ್ಬಿ, ಹಿಡಿಕೆ ಮುರಿದದ್ದು.
ಮೆಹರೂನಕ್ಕ ಕ್ವಾರ್ಟರ್ಸ್ ಬಿಡುವ ದಿನ
ಟೆಂಪೊ ನಿಲ್ಲಿಸಿಟ್ಟು, ಓಡಿ ಬಂದು ಕೊಟ್ಟದ್ದು.
"ಫುಟ್‌ಬಾಲ್ ಲಿಲ್ಲಿ ಅಂತಾರ ಇದಕ್ಕ."
ಇಣುಕಿದೆ. ಬರೀ ಮಣ್ಣು.
"ಏನೈತಿ ಅಕ್ಕಾ ಇದರಾಗ?"
"ಐತಿ. ಮೇ ತಿಂಗಳ ತನಕ ಕೇಳಬ್ಯಾಡ."

ಸುಗಂಧರಾಜ ಹಾಗಲ್ಲ, ಕೇಳದಿದ್ದರೂ ಹೇಳುತ್ತದೆ.
ದಂಟಿನ ಬುಡದಿಂದ ಮೇಲಕ್ಕೆ ಮೊಗ್ಗು ಬಿರಿಯುತ್ತವೆ,
ದಿನಕ್ಕೆರಡು, ದಿನಕ್ಕೆರಡು,
ಸೊಸೈಟಿ ಸಾಲದ ಕಂತು ಕಟ್ಟುವವರ ಹಾಗೆ.
ರಾತ್ರಿ ಸೈರನ್ ಕೂಗಿ, ತೊಟ್ಟಿಲು ಮೇಲೆ ಬಂದು,
ಪಾಳಿ ಮುಗಿಸಿದವರು ಓಣಿ ಹಿಡಿದಾಗ
ಕರೆಂಟು ಇಲ್ಲದಿದ್ದರೂ
ನಮ್ಮ ಮನೆ ಯಾವುದೆಂದು ಮೂಗಿಗೆ ಗೊತ್ತು.
ಬೂಟು ಬಿಚ್ಚುತ್ತ ಇವರು ಅನ್ನುತ್ತಾರೆ,
"ಕೆಳಗ ಮದ್ದಿನ ವಾಸನಿ. ಇದು ಮ್ಯಾಲಿನ ವಾಸನಿ."

ಆದರೂ ಅದಕ್ಕೆ ತನ್ನವರು ಪರರು ಎಂಬುದಿಲ್ಲ.
ಮದುವೆ ಹಾರಕ್ಕೂ ಹೋಗುತ್ತದೆ, ಹೆಣದ ಹಾರಕ್ಕೂ.
ಎರಡೂ ಕಡೆ ಅದೇ ಮುಖ.

ಲಿಲ್ಲಿಯ ಡಬ್ಬಿ ನಾಲ್ಕು ತಿಂಗಳು ಡಬ್ಬಿಯಾಗಿಯೇ ಇತ್ತು.
ಹುಡುಗರು ಗೋಲಿ ಬಚ್ಚಿಟ್ಟರು,
ಬೆಕ್ಕು ತನ್ನ ಕೆಲಸ ಮುಗಿಸಿ ಮಣ್ಣೆಳೆಯಿತು.
ಮೇಯಲ್ಲಿ, ಕಲ್ಲುಹಾಸಿಗೆ ಕಾಲಿಡಲಾಗದ ಮೇಯಲ್ಲಿ,
ಎಲೆಯಿಲ್ಲ ಏನಿಲ್ಲ,
ಮೊದಲು ಒಂದು ಮೂಗು, ಆಮೇಲೆ ದಂಟು,
ಆಮೇಲೆ, ನಾನು ಮಲಗಿ ಏಳುವುದರೊಳಗೆ,
ಕೆಂಪು ಚೆಂಡು. ನೂರಾರು ಸೂಜಿ ಚುಚ್ಚಿದ್ದು.

ಮುಡಿಯಲು ಬಾರದು. ಮೂಸಿದರೆ ಏನೂ ಇಲ್ಲ.
ದೇವರಿಗೆ ಏರುತ್ತದೋ ಇಲ್ಲವೋ, ಸ್ವಾಮಿಗಳಿಗೂ ತಿಳಿಯದು.
ಎಂಟು ದಿನ ಓಣಿಯೆಲ್ಲ ಬಂದು ನೋಡಿತು,
ಒಂಬತ್ತನೆಯ ದಿನ ಕೂದಲುದುರಿದ ತಲೆ.
ಆಮೇಲೆ ಅಗಲವಾದ ಎಲೆ ಬಿಟ್ಟುಕೊಂಡು
ದೀಪಾವಳಿ ತನಕ ನನ್ನ ನೀರು ಕುಡಿಯಿತು,
ಹೂವಿನ ಮಾತೇ ಇಲ್ಲ.

ಆ ಚಳಿಗಾಲ ನಳ ಐದು ದಿನಕ್ಕೆ ಹೋಯಿತು.
ಒಂದೇ ಸಾಕು ಅನ್ನಿಸಿತು ನನಗೆ.
ಲಿಲ್ಲಿ ಕಿತ್ತು, ಮಣ್ಣು ಕೊಡವಿ,
ಯಾರಿಗಾದರೂ ಕೊಟ್ಟರಾಯಿತೆಂದು
ಕೈಗೆ ಸಿಕ್ಕ ಬುಟ್ಟಿಯಲ್ಲಿ ಹಾಕಿದೆ.
ಆ ಬುಟ್ಟಿ ಉಳ್ಳಾಗಡ್ಡಿಯದು.

ಬೆಳಗಿನ ಪಾಳಿ. ನಾಲ್ಕು ಗಂಟೆ. ಬುತ್ತಿಯ ಅವಸರ.
ಈಳಿಗೆಗೆ ಒತ್ತಿದೆ, ಎರಡು ಹೋಳಾಯಿತು.
ಕಣ್ಣು ಉರಿಯಲಿಲ್ಲ.
ಅಷ್ಟೇ ಗುರುತು.
ಅಂಟು ರಸ, ಬೆರಳ ಸಂದಿಯಲ್ಲಿ ಕಡಿತ,
ಪದರ ಪದರದ ನಡುವೆ ಬೆಳ್ಳಗೆ, ಸುತ್ತಿಕೊಂಡು,
ಬರಬೇಕಾದ ಮೇ ತಿಂಗಳು.

ಬೆಳಗಾದ ಮೇಲೆ ಮಸ್ಕಿಗೆ ಫೋನು ಹಚ್ಚಿದೆ.
ಮೆಹರೂನಕ್ಕ ಬೈಯುತ್ತಾಳೆಂದುಕೊಂಡರೆ ನಕ್ಕಳು.
"ತಿಂದಿದ್ರ ಇಬ್ಬರೂ ದವಾಖಾನಿ ಸೇರತಿದ್ರಿ.
ಬೇರು ಎರಡೂ ಹೋಳಿಗೆ ಅದಾವೇನು?"
ಅದಾವ, ಅಂದೆ.
"ಹಂಗಾರ ಬೂದಿ ಹಚ್ಚಿ ಹುಗಿ. ಎರಡು ಆಗತಾವ."

ಈಗ ಮೂರು ಡಬ್ಬಿ. ನೀರು ಅಷ್ಟೇ.
ಅಕ್ಕಿ ತೊಳೆದದ್ದು, ಬೇಳೆ ತೊಳೆದದ್ದು,
ಇವರ ಕೈ ತೊಳೆದದ್ದೂ ಲೆಕ್ಕಕ್ಕೆ ಸೇರಿದೆ.
ಒಂದು ಹೋಳು ಈ ಸಲ ಒಂದೆಲೆ ಬಿಟ್ಟಿತು, ಹೂವಿಲ್ಲ.
ಇನ್ನೊಂದರ ಸುದ್ದಿಯಿಲ್ಲ.
ಬೆರಳಲ್ಲಿ ಕೆದಕಿ ನೋಡಿದೆ ಒಮ್ಮೆ, ಗಟ್ಟಿಯಾಗಿತ್ತು.
ಮತ್ತೆ ಮುಚ್ಚಿದೆ.

ಯಾವುದು ಚಂದ ಎಂದು ಕೇಳಿದರೆ
ಸುಗಂಧರಾಜ ಅನ್ನುತ್ತೇನೆ, ಅನುಮಾನವಿಲ್ಲ.
ಹನ್ನೊಂದು ತಿಂಗಳು ಯಾವಾಗ ಕೇಳಿದರೂ ಅದೇ ಉತ್ತರ.
ಏಪ್ರಿಲ್ ಕೊನೆಯ ವಾರ ಮಾತ್ರ
ನಾನು ಆ ಡಬ್ಬಿಯ ಮುಂದೆ ಕೂತಿರುತ್ತೇನೆ.
ಆಗ ಮಾತಾಡಿಸಬೇಡಿ.